ಮೇಷ್ಟ್ರ ತಲೆಯ ಮೇಲಿನ ಸೂರು

ಪಂಚಾಕ್ಷರಪ್ಪ ಮೇಷ್ಟ್ರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡದ್ದೇ ತಡ, ಸೂರಿನ ಬಟ್ಟೆ ಅವರ ತಲೆಯ ಮೇಲೆ ಬಿತ್ತು.

ಬಿತ್ತು ಎಂದರೆ ಪೂರ್ತಿ ಬೀಳಲಿಲ್ಲ. ಹಿಂದಿನ ಅಂಚು ಇನ್ನೂ ಅಂಟಿಕೊಂಡೇ ಇತ್ತು. ಮುಂದಿನ ಭಾಗ ಮಾತ್ರ ಅವಸರವಿಲ್ಲದೆ ಇಳಿದು, ಮೇಷ್ಟ್ರ ಬೋಳುತಲೆ, ಕನ್ನಡಕ, ಮೂಗು ಎಲ್ಲವನ್ನೂ ಮುಚ್ಚಿ ಗಲ್ಲದ ಹತ್ತಿರ ನಿಂತುಕೊಂಡಿತು. ಅದರ ಜೊತೆಗೆ ಒಂದಿಷ್ಟು ಹಳದಿ ಪುಡಿಯೂ ಉದುರಿತು.

“ಸ್ವಾತಿ,” ಬಟ್ಟೆಯ ಒಳಗಿನಿಂದ ಮೇಷ್ಟ್ರ ದನಿ ಬಂತು. “ನಿಮ್ಮ ಕಾರು ನಂಗೆ ಸೆರಗು ಹೊದಿಸ್ತಾ ಐತಲ್ಲಮ್ಮ!”

ಶಾಲೆಯ ಗೇಟಿನ ಮುಂದೆ ನಿಂತಿದ್ದವರೆಲ್ಲ ನಕ್ಕರು. ಡ್ರೈವರ್ ಸೀಟಿನಲ್ಲಿದ್ದ ಸ್ವಾತಿಯ ಅಪ್ಪ ಕಿರಣ್‌ಕುಮಾರ್ ಮಾತ್ರ ನಗಲಿಲ್ಲ. ದಿನಾ ಮಾಡುವ ಕೆಲಸದ ಹಾಗೆ ಎಡಗೈ ಚಾಚಿ ಬಟ್ಟೆಯನ್ನು ಮೇಲಕ್ಕೆತ್ತಿ ಹಿಡಿದ.

“ಹಿಂಗೆ ಒಂದು ಕೈಯಾಗೆ ಹಿಡ್ಕಂಡ್ರೆ ಏನೂ ತೊಂದ್ರೆ ಇಲ್ಲ ಮೇಷ್ಟ್ರೆ.”

“ಹಿರಿಯೂರಿನ ತನಕ ಹಿಡ್ಕಂಡೇ ಕುಂತ್ಕಳಾದಾ?” ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತಾ.

ವಿಷಯ ಇಷ್ಟು. ಐಮಂಗಲದ ಆ ಶಾಲೆಯಿಂದ ಮೂವರು ಪ್ರತಿಭಾ ಕಾರಂಜಿಯಲ್ಲಿ ಗೆದ್ದು ತಾಲ್ಲೂಕು ಮಟ್ಟಕ್ಕೆ ಹೋಗುವವರಿದ್ದರು. ದಿವ್ಯಾ ಛದ್ಮವೇಷಕ್ಕೆ, ಗುರುರಾಜ ರಾಜನ ಏಕಪಾತ್ರಾಭಿನಯಕ್ಕೆ, ಕಾವ್ಯ ಭಾಷಣಕ್ಕೆ. ಸ್ಪರ್ಧೆ ಶನಿವಾರ, ಹಿರಿಯೂರಿನಲ್ಲಿ. “ಯಾರ ಮನೇಲಿ ಕಾರೈತ್ರೋ?” ಎಂದು ಮೇಷ್ಟ್ರು ತರಗತಿಯಲ್ಲಿ ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಸ್ವಾತಿಯ ಕೈ.

ಹಾಡಿಗಾಗಲಿ, ಭಾಷಣಕ್ಕಾಗಲಿ, ಕುಣಿತಕ್ಕಾಗಲಿ ಎಂದೂ ಎದ್ದ ಕೈ ಅಲ್ಲ ಅದು. ಮೇಷ್ಟ್ರಿಗೂ ಆಶ್ಚರ್ಯವಾಗಿತ್ತು. “ಹಂಗಾದ್ರೆ ಕಾರಿನ ಜೊತೆ ನೀನೂ ಬಾರಮ್ಮ” ಎಂದಿದ್ದರು. ಅವತ್ತಿನಿಂದ ಸ್ವಾತಿ, ತಾನೂ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದವಳ ಹಾಗೆ ನಡೆಯುತ್ತಿದ್ದಳು. ಕೈ ಎತ್ತುವಾಗ ಸೂರಿನ ನೆನಪು ಅವಳಿಗೆ ಆಗಿರಲಿಲ್ಲ.

“ಸಾರ್, ನಾನು ಓಬವ್ವ ಸಾರ್,” ಎಂದಳು ದಿವ್ಯಾ. “ತುರುಬು ಕಟ್ಕಂಡು, ಹೂ ಮುಡ್ಕಂಡು, ಮೇಕಪ್ ಹಾಕ್ಕಂಡು ಬರ್ತೀನಿ. ಈ ಪುಡಿ ಮುಖದ ಮೇಲೆ ಬಿದ್ರೆ ನಮ್ಮಮ್ಮ ಸುಮ್ನಿರ್ತಾಳಾ?”

“ನನ್ನ ಕಿರೀಟ?” ಎಂದ ಗುರುರಾಜ. “ನಮ್ಮ ಮಾವಂದು ಲಗೇಜ್ ಆಟೋ ಐತೆ ಸಾರ್. ಅದ್ರಾಗೆ ಹೋಗಾಣ. ಬೀಳಾಕೆ ಅದಕ್ಕೆ ಸೂರೇ ಇಲ್ಲ.”

ಮತ್ತೆ ನಗು. ಮೇಷ್ಟ್ರು ಕಾರಿನಿಂದ ಇಳಿದು ತಲೆ ಕೊಡವಿದರು. “ಶುಕ್ರವಾರ ಸಾಯಂಕಾಲ ಬಂದು ನೋಡ್ತೀನಿ ಕಿರಣಪ್ಪ. ಸರಿ ಆಗಿದ್ರೆ ಕಾರು. ಇಲ್ದಿದ್ರೆ ಲಗೇಜ್ ಆಟೋ.”

ಲಗೇಜ್ ಆಟೋದಲ್ಲಿ ಹೋಗುವುದಾದರೆ, ಕಾರಿನ ಜೊತೆ ಬರುವವಳಿಗೆ ಅಲ್ಲೇನು ಕೆಲಸ? ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹಿರಿಯೂರಿನ ಸೀಟ್ ಕವರ್ ಅಂಗಡಿಗೆ ಅಪ್ಪ ಫೋನ್ ಮಾಡಿದ. ಕೈತುಂಬ ಕೆಲಸ ಐತೆ, ಮುಂದಿನ ವಾರ ಗಾಡಿ ತರ್ರಿ ಎಂದರಂತೆ.

“ಅಂದ್ರೆ ಅದರ ಮುಂದಿನ ವಾರ ಮುಟ್ತಾರೆ ಅಂತ ಅರ್ಥ,” ಎಂದಳು ಅಮ್ಮ.

ಸ್ವಾತಿ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯುತ್ತಲೇ ಇದ್ದಳು, ಬಾಯಿಗೆ ಹೋಗುತ್ತಿರಲಿಲ್ಲ. ಅದನ್ನು ನೋಡುತ್ತಿದ್ದವಳು ಅಜ್ಜಿ ಕೆಂಚಕ್ಕ.

“ಕೊಟ್ಟಿಗೆಗೆ ಸೂರು ಹಾಕಿದೋರು ನಾವು. ಕಾರಿಗೆ ಹಾಕಾಕಾಗಲ್ವಾ? ಬಟ್ಟೆ ತಗಂಬಾ ಕಿರಣ. ಮನೇಲೇ ಹಾಕಾಣ.”

ಕೆಂಚಕ್ಕಜ್ಜಿ ಅಪ್ಪನ ಅವ್ವ. ಹಿಂದೆ ಅವಳ ಮನೆಯಲ್ಲಿ ಕಂಬಳಿ ಮಗ್ಗ ಇತ್ತು. ಮಗ್ಗ ಹೋಗಿ ಎಷ್ಟೋ ಕಾಲವಾಯಿತು, ಆದರೆ ನೂಲನ್ನು ಬಿಗಿಯಾಗಿ ಎಳೆಯುವ ಅಭ್ಯಾಸ ಅಜ್ಜಿಯ ಕೈಯಲ್ಲಿ ಹಾಗೇ ಉಳಿದುಕೊಂಡಿತ್ತು. ಅವಳು ನವಾರು ಕಟ್ಟಿದ ಮಂಚದ ಮೇಲೆ ಕೂತರೆ ಚೆಂಡಿನ ಹಾಗೆ ಪುಟಿಯಬೇಕು. ಅವಳು ಕಟ್ಟಿದ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಾಗೆ ಬಂದು ಕೂತರೆ ಟಂಯ್ ಎಂದು ಸದ್ದಾಗುತ್ತಿತ್ತು. ಅಜ್ಜಿ ಜಡೆ ಹಾಕಿದ ದಿನವಂತೂ ಸ್ವಾತಿಯ ಹುಬ್ಬುಗಳು ಮೇಲೇರಿ, ಇಡೀ ದಿನ ಏನೋ ಕೇಳಿ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದಳು. “ಏನಾಯ್ತೇ?” ಎಂದು ಗೆಳತಿಯರು ಕೇಳಿದರೆ, “ಏನಿಲ್ಲ, ಅಜ್ಜಿ ಜಡೆ” ಎನ್ನುತ್ತಿದ್ದಳು.

ಹೇಗೆ ಹಾಕುವುದೆಂದು ಅಪ್ಪ ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದ. ಅದರಲ್ಲಿದ್ದವನು ಯಾವ ಭಾಷೆ ಮಾತಾಡುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ.

“ಬಾಯಿ ಯಾಕೆ ನೋಡ್ತೀಯ? ಕೈ ನೋಡು,” ಎಂದಳು ಅಜ್ಜಿ.

ಮಾರನೆಯ ದಿನ ಸ್ವಾತಿ ಶಾಲೆಯಿಂದ ಬರುವಷ್ಟರಲ್ಲಿ ಅಪ್ಪ ಡೇರಿಯ ಕೆಲಸ ಮುಗಿಸಿ, ಹಿರಿಯೂರಿನಿಂದ ಕೆನೆ ಬಣ್ಣದ ಬಟ್ಟೆಯನ್ನೂ ಒಂದು ಡಬ್ಬಿ ಗಮ್ಮನ್ನೂ ತಂದಿದ್ದ. ಬಟ್ಟೆಯ ಬೆನ್ನಿಗೆ ತೆಳ್ಳಗೆ ಸ್ಪಂಜು ಇತ್ತು. ಮುಟ್ಟಿದರೆ ಕರುವಿನ ಕಿವಿ ಮುಟ್ಟಿದ ಹಾಗೆ.

ಬಾಗಿಲುಗಳ ಸುತ್ತ ಇದ್ದ ರಬ್ಬರ್ ಎಳೆದರು. ಒಳಗಿನ ದೀಪ ಬಿಚ್ಚಿದರು. ಕೈಹಿಡಿಗಳನ್ನು ಬಿಚ್ಚಿದರು. ಕೊನೆಗೆ ಮುಂದುಗಡೆಯ ಎರಡು ಸನ್ ವೈಸರ್. ಬಿಸಿಲು ಕಣ್ಣಿಗೆ ಹೊಡೆದಾಗ ಕೆಳಗೆ ಮಡಚಿಕೊಳ್ಳುವ ಅವನ್ನು ಅಜ್ಜಿ ‘ಕಾರಿನ ಹುಬ್ಬು’ ಎನ್ನುತ್ತಿದ್ದಳು. ಒಂದು ಹುಬ್ಬಿನ ಹಿಂದಿನಿಂದ ಅಪ್ಪ ಕಳೆದುಕೊಂಡಿದ್ದ ಬಾಚಣಿಗೆಯೂ ಒಂದು ಹಿಡಿ ಸೂರ್ಯಕಾಂತಿ ಬೀಜದ ಸಿಪ್ಪೆಯೂ ಉದುರಿದವು. ಸಿಪ್ಪೆ ಯಾರದು ಎಂದು ಅಮ್ಮ ಕೇಳಿದಳು. ಅಪ್ಪ ಬಾಚಣಿಗೆ ಒರೆಸಿ ಜೇಬಿಗೆ ಹಾಕಿಕೊಂಡ.

ಆಮೇಲೆ ಸೂರಿನ ಹಲಗೆಯನ್ನೇ ಹಿಂಬಾಗಿಲಿನಿಂದ ಓರೆಮಾಡಿ ಹೊರಗೆ ಎಳೆದರು. ರಟ್ಟನ್ನು ಅದುಮಿ ಮಾಡಿದಂಥ ಹಗುರ ಹಲಗೆ ಅದು. ಅಂಗಳದ ಮಂಚದ ಮೇಲೆ ಮಗುಚಿ ಇಟ್ಟಾಗ ದೊಡ್ಡ ಪರಾತದ ಹಾಗೆ ಕಂಡಿತು. ನಡುವೆ ತಗ್ಗು, ಸುತ್ತಲೂ ಅಂಚು ಎತ್ತರ.

ಹಳೆಯ ಬಟ್ಟೆಯನ್ನು ಕಿತ್ತರೆ ಒಳಗೆಲ್ಲ ಹಳದಿ ಪುಡಿ. ಅದರ ಸ್ಪಂಜು ವರ್ಷಗಟ್ಟಲೆ ಬಿಸಿಲಿಗೆ ಬೆಂದು ಪುಡಿಯಾಗಿತ್ತು. ಅದನ್ನೆಲ್ಲ ಕೆರೆದು ತೆಗೆಯದೆ ಹೊಸ ಬಟ್ಟೆ ಅಂಟುವುದಿಲ್ಲ ಎಂದು ವಿಡಿಯೋದವನ ಕೈ ಹೇಳಿತ್ತು. ಎಲ್ಲರೂ ಮೂಗಿಗೆ ಟವೆಲ್ ಕಟ್ಟಿಕೊಂಡು, ಬ್ರಷ್ ಹಿಡಿದು ಕೂತರು. ಕೆರೆದಂತೆ ಕೆರೆದಂತೆ ಪುಡಿ ಕೂದಲಿಗೆ, ಕೆನ್ನೆಗೆ, ಕತ್ತಿಗೆ ಮೆತ್ತಿಕೊಂಡಿತು.

ಟ್ರ್ಯಾಕ್ಟರ್ ನಿಲ್ಲಿಸಿ ಬರುತ್ತಿದ್ದ ಪಕ್ಕದ ಮನೆಯ ಜುಂಜಯ್ಯ ಬೇಲಿಯ ಹತ್ತಿರ ನಿಂತ. “ಏನು ಕೆಂಚಕ್ಕ, ಎಲ್ಲಾರೂ ಅರಿಶಿನ ಹಚ್ಕಂಡೀರಿ? ಯಾರ ಮದುವೆ?”

“ಕಾರಿಂದು,” ಎಂದಳು ಅಜ್ಜಿ. “ಊಟಕ್ಕೆ ಬಾ, ಬರಿಗೈಲಿ ಬರಬ್ಯಾಡ.”

ಸನ್ ವೈಸರ್ ಎರಡನ್ನೂ ಅಜ್ಜಿ ತಾನೇ ತೆಗೆದುಕೊಂಡಳು. ಬಟ್ಟೆಯನ್ನು ಅದರ ಮೈಗೆ ಸುತ್ತಿ, ದಿಂಬಿನ ಕವರಿನ ಹಾಗೆ ಅಂಚು ಒಳಗೆ ಮಡಚಿ, ಕಂಬಳಿ ಹೊಲಿಯುತ್ತಿದ್ದ ದಬ್ಬಣದಲ್ಲಿ ಹೊಲಿದಳು. ಪ್ರತಿ ಹೊಲಿಗೆಗೂ ದಾರವನ್ನು ಜೀವ ಹೋಗುವ ಹಾಗೆ ಎಳೆದಳು. ಮುಗಿದಾಗ ಒಂದು ಸುಕ್ಕಿಲ್ಲ. ಹೊಲಿಗೆ ಎಲ್ಲಿದೆ ಎಂದು ಅಪ್ಪ ಕನ್ನಡಕ ಹಾಕಿಕೊಂಡು ಹುಡುಕಿದ.

“ಅಜ್ಜಿ, ಅಂಗಡೀದಕ್ಕಿಂತ ಚೆನ್ನಾಗೈತೆ!” ಎಂದಳು ಸ್ವಾತಿ.

“ಅಂಗಡೀದು ಯಾವತ್ತು ಚೆನ್ನಾಗಿತ್ತು?” ಎಂದಳು ಅಜ್ಜಿ. ಆದರೆ ವೈಸರನ್ನು ಕೆಳಗಿಡಲಿಲ್ಲ. ಮಗುವನ್ನು ಇಟ್ಟುಕೊಂಡ ಹಾಗೆ ಸ್ವಲ್ಪ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಇನ್ನು ಸೂರು. ಹಲಗೆಗೂ ಬಟ್ಟೆಗೂ ಗಮ್ ಬಳಿದರು. ಬೆರಳಿಗೆ ಮೆತ್ತದಷ್ಟು ಒಣಗುವ ತನಕ ಕಾದರು. ಅಪ್ಪ, ಅಮ್ಮ, ಅಜ್ಜಿ, ಸ್ವಾತಿ ನಾಲ್ಕು ಮೂಲೆ ಹಿಡಿದು ನಿಂತರು.

“ಎಳೀರಿ!” ಎಂದಳು ಅಜ್ಜಿ. “ಇನ್ನೂ ಬಿಗಿ! ಸ್ವಾತಿ, ಉಂಡಿಲ್ವಾ? ಎಳಿ! ಸಡ್ಲ ಬಿಟ್ರೆ ಅದು ಸೂರಲ್ಲ, ಜೋಳಿಗೆ.”

ಎಲ್ಲರೂ ಹಲ್ಲುಕಚ್ಚಿ ಎಳೆದು ಅಂಟಿಸಿದರು. ಬೆರಳಿನಿಂದ ಬಡಿದರೆ ತಮಟೆಯ ಹಾಗೆ ಡಂ ಎಂದಿತು. ಕತ್ತಲಾಗುವ ಮುಂಚೆ ಹಲಗೆ ಕಾರಿನೊಳಗೆ ಹೋಗಿ ಕೂತಿತು. ಸ್ವಾತಿ ಹಿಂದಿನ ಸೀಟಿನಲ್ಲಿ ಮಲಗಿ ನೋಡಿದಳು. ಹೊಸ ಹಾಲಿನ ಕೆನೆ ಹಾಸಿದ ಹಾಗಿತ್ತು. ಬೆಳಿಗ್ಗೆ ಶಾಲೆಗೆ ಹೋದವಳು ದಿವ್ಯಾಳಿಗೆ, “ಸೂರು ರೆಡಿ. ನಾವೇ ಹಾಕಿದ್ದು” ಎಂದು ಹೇಳಿಯೂಬಿಟ್ಟಳು.

ಅವತ್ತು ಕೆಂಡದಂಥ ಬಿಸಿಲು. ಕಾರು ಇಡೀ ಮಧ್ಯಾಹ್ನ ಡೇರಿಯ ಮುಂದೆ ಬಯಲಿನಲ್ಲಿ ನಿಂತಿತ್ತು.

ಸ್ವಾತಿ ಶಾಲೆಯಿಂದ ಮನೆಗೆ ಬಂದಾಗ ಕಾರು ಅಂಗಳದಲ್ಲಿತ್ತು. ಅಪ್ಪ ಇನ್ನೂ ಅದರೊಳಗೇ ಕೂತಿದ್ದ. ಅವನ ಎಡಗೈ ಮೇಲಿತ್ತು.

ಆಮೇಲೆ ಮನೆಯಲ್ಲಿ ವಿಚಾರಣೆ ನಡೆಯಿತು. ಗಮ್ ಸರಿಯಿಲ್ಲ ಎಂದ ಅಪ್ಪ. ಗಮ್ ತಂದವರು ಸರಿಯಿಲ್ಲ ಎಂದಳು ಅಮ್ಮ. ಬಿಸಿಲು ಜಾಸ್ತಿಯಾಯಿತು ಎಂದಳು ಅಜ್ಜಿ.

“ಬಿಸಿಲೇನು ನಮ್ಮೂರಿಗೆ ಹೊಸದಾಗಿ ಬಂತಾ ಅವ್ವ?” ಎಂದ ಅಪ್ಪ.

ಸ್ವಾತಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ನಾಳೆ ಸಾಯಂಕಾಲ ಮೇಷ್ಟ್ರು ಬರುತ್ತಾರೆ. ದಿವ್ಯಾಳಿಗೆ ಬೇರೆ ಹೇಳಿಯಾಗಿದೆ. ಅವಳು ಕಾರಿನೊಳಗೆ ಕೂತು ಬಟ್ಟೆಯನ್ನು ಒತ್ತಿ ನೋಡಿದಳು. ವಿಚಿತ್ರವಾಗಿತ್ತು. ಸುತ್ತಲೂ ಅಂಚೆಲ್ಲ ಗಟ್ಟಿಯಾಗಿ ಅಂಟಿಕೊಂಡಿತ್ತು, ಉಗುರು ಹಾಕಿದರೂ ಬರುತ್ತಿರಲಿಲ್ಲ. ನಡುವೆ, ಹಲಗೆ ತಗ್ಗಾಗಿರುವ ಕಡೆ ಮಾತ್ರ ಬಿಟ್ಟುಕೊಂಡಿತ್ತು. ಅಂಗೈಯಿಂದ ಒತ್ತಿದರೆ ತಗ್ಗಿನೊಳಕ್ಕೆ ಹೋಗುತ್ತಿತ್ತು. ಕೈ ತೆಗೆದರೆ, ಬೇಡ ಎನ್ನುವ ಹಾಗೆ ಪುಟಿದು ಈಚೆಗೆ ಬರುತ್ತಿತ್ತು.

ಒಳಗೆ ಬಂದು ವಿಜ್ಞಾನ ಪುಸ್ತಕ ತೆರೆದಳು. ಅದಕ್ಕೆ ಹೊದಿಸಿದ್ದ ಕಾಗದದ ಬೈಂಡು ಬೆನ್ನಿನ ಬಳಿ ಹರಿದು, ಟೇಪು ಅಂಟಿಸಿ, ಮತ್ತೆ ಹರಿದಿತ್ತು. ಶಾಲೆ ಶುರುವಾದಾಗ ಅಮ್ಮ ಹಾಕಿಕೊಟ್ಟ ಬೈಂಡು. ಕನ್ನಡಿಯ ಹಾಗೆ ನುಣ್ಣಗೆ, ಬಿಗಿಯಾಗಿತ್ತು. ಮೊದಲನೇ ದಿನ ಪುಸ್ತಕ ತೆರೆದ ಕೂಡಲೇ ಪರ್ ಎಂದಿತ್ತು.

ಅದರ ಪಕ್ಕದಲ್ಲಿ ಗಣಿತದ ಪುಸ್ತಕ. ಅದಕ್ಕೆ ಸ್ವಾತಿ ತಾನೇ ಬೈಂಡು ಹಾಕಿದ್ದಳು, ಆಟಕ್ಕೆ ಹೋಗುವ ಆತುರದಲ್ಲಿ, ಹೇಗೆ ಹೇಗೋ. ಬೆನ್ನಿನ ಹತ್ತಿರ ಸಡಿಲ ಬಿಟ್ಟಿತ್ತು. ಅದು ಇನ್ನೂ ಹರಿದಿರಲಿಲ್ಲ.

ಸ್ವಾತಿ ಎರಡು ಪುಸ್ತಕಗಳನ್ನೂ ತೆರೆದಳು. ಮುಚ್ಚಿದಳು. ಇನ್ನೊಮ್ಮೆ ತೆರೆದಳು.

ಅಜ್ಜಿ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು. ಸ್ವಾತಿ ಅವಳ ಮುಂದೆ ಹೋಗಿ ನಿಂತಳು. ಹೇಳುವುದು ಸುಲಭವಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಅಜ್ಜಿಗೆ ಎದುರು ಹೇಳಿದವರು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಅಜ್ಜಿ, ಜಾಸ್ತಿ ಎಳೆದುಬಿಟ್ವಿ.”

ಅಜ್ಜಿಯ ದವಡೆ ನಿಂತಿತು. “ಯಾರು ಎಳೆದಿದ್ದು?”

“ನೀನು…” ಎಂದವಳು ಅಜ್ಜಿಯ ಮುಖ ನೋಡಿ, “ಎಲ್ಲಾರೂ” ಎಂದು ಸೇರಿಸಿದಳು.

“ಬಿಗಿ ಎಳೀದೆ ಇದ್ರೆ ಬಟ್ಟೆ ನಿಲ್ತದಾ?”

ಸ್ವಾತಿ ಎರಡು ಪುಸ್ತಕಗಳನ್ನೂ ಅಜ್ಜಿಯ ತೊಡೆಯ ಮೇಲಿಟ್ಟಳು. “ಇದನ್ನ ತೆಗೀ. ಈಗ ಇದನ್ನ ತೆಗೀ. ಪುಸ್ತಕಕ್ಕೆ ಬೆನ್ನು ಐತಲ್ಲ ಅಜ್ಜಿ, ಅದು ಬಾಗಬೇಕು. ಬಾಗೋ ಕಡೆ ಒಂಚೂರು ಬಿಟ್ಟಿರಬೇಕು. ಬಿಡದೇ ಇದ್ರೆ ಹರೀತೈತೆ. ನಮ್ಮ ಸೂರೂ ಬಾಗೈತೆ. ನಾವು ಆಚೆ ಅಂಚಿಂದ ಈಚೆ ಅಂಚಿಗೆ ಹಗ್ಗ ಕಟ್ಟಿದಂಗೆ ಎಳೆದುಬಿಟ್ವಿ. ತಗ್ಗಿನೊಳಕ್ಕೆ ಹೋಗಾಕೆ ಬಟ್ಟೇನೇ ಇಲ್ಲ.”

ಅಜ್ಜಿ ವಿಜ್ಞಾನ ಪುಸ್ತಕವನ್ನು ತೆರೆದಳು. ಬೈಂಡು ಇನ್ನಷ್ಟು ಹರಿಯಿತು.

“ಇದಕ್ಕೆ ಬೈಂಡು ಹಾಕಿದ್ದು ಯಾರು?”

“ಅಮ್ಮ. ನೀನು ಪಕ್ಕದಾಗೆ ಕುಂತ್ಕಂಡು, ಬಿಗಿ ಎಳಿ, ಬಿಗಿ ಎಳಿ ಅಂತಿದ್ದೆ.”

ಅಡುಗೆಮನೆಯಲ್ಲಿ ಅಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಜ್ಜಿ ಎದ್ದು ಕಾರಿನ ಹತ್ತಿರ ಹೋದಳು. ಒಳಗೆ ಬಗ್ಗಿ ತಾನೇ ಬಟ್ಟೆಯನ್ನು ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು, ಬಿಟ್ಟಳು. ಆಮೇಲೆ ಈಚೆ ಬಂದು, ಯಾರನ್ನೂ ನೋಡದೆ ಹೇಳಿದಳು:

“ಮಗ್ಗದಾಗೆ ತಗ್ಗು ಇರಲ್ಲ ಕಣೇ. ಅಲ್ಲಿ ಎಲ್ಲಾ ನೆಟ್ಟಗೆ.”

ಅಷ್ಟೇ. ಆದರೆ ಕೆಂಚಕ್ಕಜ್ಜಿಯ ಬಾಯಲ್ಲಿ ಅದು ಬಹಳ ದೊಡ್ಡ ಮಾತು. ಅಪ್ಪ ಬೆಳಗಾಗುತ್ತಲೇ ಹೊಸ ಬಟ್ಟೆ ತರಲು ಹಿರಿಯೂರಿಗೆ ಹೋದ.

ಕಿತ್ತ ಬಟ್ಟೆಯ ಸ್ಪಂಜು ಹರಿದುಹೋಗಿತ್ತು. ಅಂಗಡಿಯಲ್ಲಿ ಕೆನೆ ಬಣ್ಣ ಮುಗಿದು ಬೂದು ಬಣ್ಣ ಮಾತ್ರ ಇತ್ತು. “ಇನ್ನೊಂದು ಕಾರು ತಗಂಡ್ರಾ ಅಂತ ಕೇಳ್ದ ಅಂಗಡಿಯೋನು,” ಎಂದ ಅಪ್ಪ. “ಹೂಂ ಅಂದು ಬಂದೆ.”

ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಸ್ವಾತಿ ಓಡಿಬಂದಳು. ಅಜ್ಜಿ ಮತ್ತು ಅಮ್ಮ ಹಲಗೆಯನ್ನು ಮತ್ತೆ ಕೆರೆದು, ಒರೆಸಿ, ಮಂಚದ ಮೇಲೆ ಇಟ್ಟಿದ್ದರು. ಗಮ್ ಬಳಿದು ಒಣಗಿದ ಮೇಲೆ ಅಪ್ಪ ಒಂದು ಮೂಲೆ ಹಿಡಿಯಲು ಬಂದ. ಅಜ್ಜಿ ತಡೆದಳು.

“ಯಾರೂ ಮುಟ್ಟಬ್ಯಾಡ್ರಿ. ಸ್ವಾತಿ ಹಾಕ್ಲಿ.”

“ನಾನೊಬ್ಬಳೇನಾ?”

“ನನ್ನ ಕೈ ನಂಬಂಗಿಲ್ಲ. ಬಟ್ಟೆ ಕಂಡ್ರೆ ಎಳೆದುಬಿಡ್ತೈತೆ.” ಅಜ್ಜಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. “ನಿಂಗೆ ಸಡ್ಲ ಬಿಡಾಕೆ ಬರ್ತೈತೆ. ಹಾಕು.”

ಸ್ವಾತಿ ಬಟ್ಟೆಯನ್ನು ನಡುವಿಗೆ ಮಡಚಿ, ಮಡಿಕೆ ತಗ್ಗಿನ ಮೇಲೆ ಬರುವಂತೆ ಇಟ್ಟಳು. ಎಳೆಯಲಿಲ್ಲ. ಅಂಗೈಯನ್ನು ತಗ್ಗಿನೊಳಕ್ಕೆ ಒತ್ತಿ, ಅಲ್ಲಿಂದ ಮೆಲ್ಲಗೆ ಹೊರಕ್ಕೆ ಸವರುತ್ತಾ ಬಂದಳು. ಒಂದು ಅಂಗೈಯಷ್ಟು, ಮತ್ತೆ ಒಂದು ಅಂಗೈಯಷ್ಟು. ತಗ್ಗು ಎಷ್ಟು ಕೇಳುತ್ತದೋ ಅಷ್ಟು ಬಟ್ಟೆಯನ್ನು ಅದಕ್ಕೆ ಕೊಟ್ಟು ಮುಂದೆ ಹೋದಳು.

ದೀಪದ ಜಾಗದ ಹತ್ತಿರ ಒಂದು ಸುಕ್ಕು ಎದ್ದಿತು. ಅಜ್ಜಿಯ ಬಲಗೈ ಬೆನ್ನ ಹಿಂದಿನಿಂದ ಹೊರಟು ಮುಂದಕ್ಕೆ ಬಂತು. ಎಡಗೈ ಅದಕ್ಕೆ ಪಟ್ ಎಂದು ಒಂದು ಕೊಟ್ಟಿತು. ಬಲಗೈ ವಾಪಸ್ ಹೋಯಿತು.

ಸ್ವಾತಿ ಬಟ್ಟೆಯನ್ನು ಉಸಿರು ಬಿಗಿಹಿಡಿದು ಸ್ವಲ್ಪವೇ ಎತ್ತಿ, ಮತ್ತೆ ಹಾಸಿದಳು. ಸುಕ್ಕು ಹೋಯಿತು. ಅಮ್ಮ “ಅಬ್ಬಾ” ಎಂದಳು. ಅಂಚು ಮುಟ್ಟುವ ಹೊತ್ತಿಗೆ ಸ್ವಾತಿಯ ಮೊಣಕೈ ತನಕ ಗಮ್ ಮೆತ್ತಿತ್ತು, ಮೂಗಿನ ತುದಿ ತುರಿಸುತ್ತಿತ್ತು, ತುರಿಸಿಕೊಳ್ಳಲು ಒಂದು ಬೆರಳೂ ಖಾಲಿ ಇರಲಿಲ್ಲ. ಅಜ್ಜಿಯೇ ಸೆರಗಿನ ತುದಿಯಿಂದ ತುರಿಸಿದಳು.

ಹಲಗೆ ಕಾರಿನೊಳಗೆ ಕೂತ ಮೇಲೆ ಬೂದು ಸೂರು, ಅದರ ಮುಂದೆ ಕೆನೆ ಬಣ್ಣದ ಎರಡು ಹುಬ್ಬು. ಬಣ್ಣ ಹೊಂದುತ್ತಿರಲಿಲ್ಲ. ಆದರೆ ಬೇಕೆಂದೇ ಹಾಗೆ ಮಾಡಿದಂತೆ ಕಾಣುತ್ತಿತ್ತು. ಅಜ್ಜಿ ಬೇಲಿಯ ಹತ್ತಿರ ಹೋಗಿ ಜುಂಜಯ್ಯನನ್ನು ಕೂಗಿ ಕರೆದು, ಹಿಂದಿನ ಸೀಟಿನಲ್ಲಿ ಕೂರಿಸಿದಳು.

“ನಮ್ಮ ಸ್ವಾತಿ ಒಬ್ಬಳೇ ಹಾಕಿದ್ದು. ನಾನು ಕೈಯೂ ಇಟ್ಟಿಲ್ಲ.”

ಜುಂಜಯ್ಯ ಬಹಳ ಹೊತ್ತು ಕತ್ತೆತ್ತಿ ನೋಡಿದ. “ನಮ್ಮ ಟ್ರ್ಯಾಕ್ಟರಿಗೂ ಒಂದು ಹಾಕ್ಕೊಡವ್ವ ಸ್ವಾತಿ.”

“ಟ್ರ್ಯಾಕ್ಟರಿಗೆ ಸೂರೆಲ್ಲೈತೆ ದೊಡ್ಡಪ್ಪ?”

“ಅದನ್ನೂ ನೀನೇ ಹಾಕು.”

ಬೀದಿಯ ದೀಪ ಹತ್ತಿಕೊಂಡರೂ ಮೇಷ್ಟ್ರು ಮಾತ್ರ ಬರಲಿಲ್ಲ. ಕೊನೆಗೆ ಅಪ್ಪ ಫೋನ್ ಮಾಡಿದ. “ಓ, ಅದಾ?” ಎಂದರು ಮೇಷ್ಟ್ರು. “ಆಗೈತಲ್ಲ? ಹಂಗಾದ್ರೆ ಬೆಳಿಗ್ಗೆ ಬಂದುಬಿಡ್ರಿ.”

ಸ್ವಾತಿಗೆ ಸಪ್ಪೆ ಎನಿಸಿತು. ಇರಲಿ, ನಾಳೆ ಕಾರು ಹತ್ತಿದ ಕೂಡಲೇ ಎಲ್ಲರೂ ನೋಡಿಯೇ ನೋಡುತ್ತಾರೆ. ನೋಡದಿದ್ದರೆ, ‘ಸಾರ್, ಮೇಲೆ ನೋಡ್ರಿ’ ಎನ್ನುವುದು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಮುಂದೆ ಕೂತರು. ಕೂತವರೇ ಸ್ಪರ್ಧೆಯ ಸಮಯ, ಊಟದ ವ್ಯವಸ್ಥೆ, ತೀರ್ಪುಗಾರರು ಎಂದು ಅಪ್ಪನ ಜೊತೆ ಮಾತಿಗೆ ತೊಡಗಿದರು. ಅವರ ಬೋಳುತಲೆಗೂ ಸೂರಿಗೂ ನಡುವೆ ಎರಡು ಬೆರಳಿನ ಜಾಗ. ಒಂದು ಸಲವೂ ಅವರು ಮೇಲೆ ನೋಡಲಿಲ್ಲ.

ದಿವ್ಯಾ ಕಚ್ಚೆ ಸೀರೆ ಉಟ್ಟು, ತುರುಬಿಗೆ ಹೂ ಮುಡಿದು, ತನ್ನ ಅಜ್ಜಿಯ ಮನೆಯಿಂದ ತಂದ ನಿಜವಾದ ಒನಕೆ ಹಿಡಿದುಕೊಂಡು ಬಂದಳು. ಒನಕೆ ಎಲ್ಲೂ ಹಿಡಿಸಲಿಲ್ಲ. ಕೊನೆಗೆ ಒಂದು ತುದಿ ಮುಂದಿನ ಎರಡು ಸೀಟುಗಳ ನಡುವೆ, ಇನ್ನೊಂದು ತುದಿ ಹಿಂದಿನ ಗಾಜಿನ ಕಡೆ. ಅದರ ಕಬ್ಬಿಣದ ಬಳೆ ಸೂರಿನಿಂದ ಗೇಣುದ್ದವೂ ದೂರವಿರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಒನಕೆ ಮೇಲೆ ಹಾರುತ್ತಿತ್ತು. ಅದರ ಜೊತೆಗೆ ಸ್ವಾತಿಯ ಎದೆಯೂ.

“ಯಾಕೇ ಒನಕೇನ ತಬ್ಬಿಕೊಂಡೀಯ?” ಎಂದಳು ದಿವ್ಯಾ.

“ಬೀಳಬಾರ್ದು ಅಂತ,” ಎಂದಳು ಸ್ವಾತಿ.

ಗುರುರಾಜ ಕಿರೀಟ ಹಾಕಿಕೊಂಡೇ ಕೂತಿದ್ದ. ಕಾವ್ಯ ಕಣ್ಣು ಮುಚ್ಚಿ ಭಾಷಣ ಒಪ್ಪಿಸುತ್ತಿದ್ದಳು. ಯಾರೂ ಮೇಲೆ ನೋಡಲಿಲ್ಲ. ‘ದಿವ್ಯಾ, ಮೇಲೆ ನೋಡೇ’ ಎಂಬ ಮಾತು ಸ್ವಾತಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿರಿಯೂರು ಬಂತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸ್ವಾತಿ ಒಬ್ಬಳೇ ಮೈದಾನಕ್ಕೆ ಓಡಿದಳು. ನೆರಳು ಸಿಕ್ಕದೆ ಕಾರು ಸುಡುಬಿಸಿಲಿನಲ್ಲಿ ನಿಂತಿತ್ತು. ಗಾಜು ಮುಟ್ಟಿದರೆ ಕೈ ಚುರ್ ಎಂದಿತು. ಅಂಗೈ ಮರೆಮಾಡಿ ಒಳಗೆ ಇಣುಕಿದಳು. ಮೊನ್ನೆ ಇಷ್ಟು ಹೊತ್ತಿಗೇ ಬಿಟ್ಟುಕೊಂಡಿದ್ದು.

ಸೂರು ಇದ್ದಲ್ಲೇ ಇತ್ತು. ತಗ್ಗು ತಗ್ಗಾಗಿಯೇ ಇತ್ತು. ಸ್ವಾತಿ ಕಾರಿನ ಸುತ್ತ ಒಂದು ಸುತ್ತು ಬಂದು, ಎಲ್ಲಾ ಗಾಜುಗಳಿಂದಲೂ ನೋಡಿ, ಆಮೇಲೆ ಊಟಕ್ಕೆ ಹೋದಳು. ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡಳು.

ದಿವ್ಯಾಳಿಗೆ ಎರಡನೇ ಬಹುಮಾನ ಬಂತು. ಗುರುರಾಜನಿಗೆ ರಾಜನ ಮಾತು ನಡುವೆ ಮರೆತುಹೋಗಿ, ಅವನು ಸುಮ್ಮನೆ ಸಿಟ್ಟಿನಿಂದ ಅತ್ತಿತ್ತ ಓಡಾಡಿದ್ದನ್ನು ಎಲ್ಲರೂ ಅಭಿನಯ ಎಂದೇ ತಿಳಿದರು. ವಾಪಸ್ ಬರುವಾಗ ಕಾರಿನ ತುಂಬ ಅದೇ ಮಾತು, ಅದೇ ನಗು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಸುಮ್ಮನಾದರು. ದಿವ್ಯಾಳ ತುರುಬು ಸ್ವಾತಿಯ ಹೆಗಲಿಗೆ ಒರಗಿತು. ಕಿರೀಟ ಗುರುರಾಜನ ಮೂಗಿನ ಮೇಲೆ ಜಾರಿತು.

ಹೆದ್ದಾರಿಯ ಎಡಗಡೆ ಸೂರ್ಯ ಇಳಿಯುತ್ತಿದ್ದ. ಬಿಸಿಲು ಓರೆಯಾಗಿ ಮೇಷ್ಟ್ರ ಮುಖಕ್ಕೆ ಬಿತ್ತು. ಅರೆನಿದ್ದೆಯಲ್ಲಿದ್ದ ಮೇಷ್ಟ್ರು ಕಣ್ಣು ತೆರೆಯಲಿಲ್ಲ. ಕೈ ಮಾತ್ರ ತಾನಾಗಿ ಮೇಲಕ್ಕೆ ಹೋಗಿ, ವೈಸರನ್ನು ಹಿಡಿದು ಕೆಳಗೆ ಮಡಚಿತು. ಅವರ ಮುಖದ ಮೇಲೆ ನೆರಳು ಬಿತ್ತು. ಕೈ ಮಡಿಲಿಗೆ ವಾಪಸ್ ಬಂತು. ಮೇಷ್ಟ್ರು ಸಣ್ಣಗೆ ಗೊರಕೆ ಹೊಡೆಯತೊಡಗಿದರು.

ಅಪ್ಪ ಕನ್ನಡಿಯಲ್ಲಿ ಸ್ವಾತಿಯನ್ನು ನೋಡಿದ. ಸ್ವಾತಿಯೂ ನೋಡಿದಳು. ಅಪ್ಪನ ಎರಡು ಕೈಗಳೂ ಸ್ಟಿಯರಿಂಗ್ ಮೇಲಿದ್ದವು.

“ಹೇಳಾಣೇನವ್ವ ಮೇಷ್ಟ್ರಿಗೆ?” ಎಂದು ಅಪ್ಪ ಪಿಸುಗುಟ್ಟಿದ.

ಬೆಳಗಿನಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಸ್ವಾತಿ ಎಲ್ಲರನ್ನೂ ನೋಡಿದಳು. ಬಾಯಿ ತೆರೆದು ಮಲಗಿದ ರಾಜ, ಹೆಗಲ ಮೇಲೆ ಓಬವ್ವ, ಗೊರಕೆ ಹೊಡೆಯುವ ಮೇಷ್ಟ್ರು. ಯಾರೊಬ್ಬರ ಕೈಯೂ ಮೇಲಿರಲಿಲ್ಲ.

“ಮಲಗ್ಲಿ ಬಿಡಪ್ಪ,” ಎಂದಳು.

ಮತ್ತೆ ಸೀಟಿಗೆ ಒರಗಿ, ದಿವ್ಯಾಳ ತಲೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ತಾನೂ ಕಣ್ಣು ಮುಚ್ಚಿದಳು. ಎಲ್ಲರ ಹಾಗೇ, ಮೇಲೆ ನೋಡದೆ.